ನಾನು ನಲವತ್ತು ಸಲ ಸತ್ತ ಸಿನಿಮಾ

ನಮ್ಮ ಬೀದಿಯ ಕೊನೆಗೆ ಜೀನ್ಸ್ ಪ್ಯಾಂಟ್ ಹೊಲಿಯುವ ಶೆಡ್ಡು ಇದೆ. ಅದರ ಹಿತ್ತಲಲ್ಲಿ ಬಟ್ಟೆಗೆ ಬಣ್ಣ ಕುದಿಸುತ್ತಾರೆ. ಆ ನೀರು ನಮ್ಮ ಮನೆ ಮುಂದಿನ ಮೋರಿಯಲ್ಲೇ ಹರಿದು ಹೋಗಬೇಕು. ದಿನವೂ ನೀಲಿ ನೀರು, ಅದಕ್ಕೆ ಮೂಗು ಒಗ್ಗಿಹೋಗಿದೆ. ಮೊನ್ನೆ ಮಾತ್ರ ಬೇರೆ ಏನೋ ಕುದಿಸಿದರು. ಹಸಿ ಬಟ್ಟೆಯ ವಾಸನೆ, ತುಕ್ಕಿನ ವಾಸನೆ, ಅದರೊಳಗೆ ಅಳಲೆಕಾಯಿಯ ಒಗರು... ಜಗಲಿ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದವಳು ಮೊರ ಬದಿಗಿಟ್ಟು ಮೂಗಿಗೆ ಸೆರಗು ಹಿಡಿದೆ. ಮೊಮ್ಮಗನ ಹೆಂಡತಿ ಓಡಿ ಬಂದು, "ಯಾಕಜ್ಜಿ, ಬಿಸಿಲು ಹತ್ತಿತೇನು? ಒಳಗ ಬಾ" ಅಂದಳು. ಬಿಸಿಲಲ್ಲ. ಅದು ಖಾಕಿ. ಬಿಳಿ ಗಿರಣಿ ಬಟ್ಟೆಯನ್ನು ಅಳಲೆಕಾಯಿ, ಕಾಚು, ತುಕ್ಕು ಹಿಡಿದ ಲಾಳ ಹಾಕಿ ಕುದಿಸಿದರೆ ಆ ವಾಸನೆ ಬರುತ್ತದೆ. ನಮ್ಮ ಎದುರು ಮನೆಯ ಹಿತ್ತಲಲ್ಲಿ ಮೂರು ದಿನ ಹಾಗೆ ಕುದಿಸಿದ್ದರು. ಸೌದೆ ಒಟ್ಟಿದವಳು ನಾನೇ.

ಅದೇ ವಾರ ಊರಿನ ಇಬ್ಬರು ಗಂಡಸರು ಬಂದರು. ಆ ಎದುರು ಮನೆಯವರ ಫೋಟೋವನ್ನು ವಾಚನಾಲಯದಲ್ಲಿ ಹಾಕುತ್ತಾರಂತೆ. ರಾಯದುರ್ಗದಲ್ಲಿ ಮೊದಲು ಸಿನಿಮಾ ಮಾಡಿದವರು ಅವರೇ ಅಂತೆ. ಒಂದು ಪುಸ್ತಕವೂ ಬರುತ್ತದಂತೆ. "ಅಜ್ಜಿ, ಅವರನ್ನ ನೋಡಿದವರು ಊರಾಗ ನೀವೊಬ್ರೇ ಉಳಿದೀರಿ. ನಾಕು ಒಳ್ಳೆ ಮಾತು ಬರೆದು ಕೊಡ್ರಿ" ಅಂದರು. ಬರೆಯುತ್ತೇನೆ ಅಂದೆ. ಒಳ್ಳೆಯದು ಎಷ್ಟಿತ್ತೋ ಅಷ್ಟು ಬರೆಯುತ್ತೇನೆ. ಉಳಿದದ್ದನ್ನೂ ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮೇಲೆ ಮದರಾಸು ಸರ್ಕಾರ. ನಾನು ಮಡಕಶಿರದ ಕಡೆಯವಳು, ರಾಗಿ ತಿನ್ನುವ ಸೀಮೆಯಿಂದ ಜೋಳ ತಿನ್ನುವ ಸೀಮೆಗೆ ಬಂದ ಸೊಸೆ. ರೊಟ್ಟಿ ಬಡಿಯಲು ಬಾರದು ಅಂತ ಅತ್ತೆ ಒಂದು ವರ್ಷ ಆಡಿಕೊಂಡಳು. ನನ್ನ ಗಂಡ ರೈಲು ಸ್ಟೇಷನ್ನಿಗೆ ಜಟಕಾ ಹೊಡೆಯುತ್ತಿದ್ದ. ಎತ್ತರದ ಆಳು. ತನ್ನ ಕುದುರೆಗಿಂತ ತಾನೇ ಜೋರಾಗಿ ಓಡುತ್ತೇನೆ ಅಂತ ಜಂಬ. ಒಂದು ಸಲ ಪಂದ್ಯ ಕಟ್ಟಿ ಓಡಿಯೂ ಇದ್ದ. ಕುದುರೆ ಗೆದ್ದಿತು. "ಅದಕ್ಕ ನಾಕು ಕಾಲು ಅದಾವಲೇ" ಅಂತ ಅದಕ್ಕೂ ಒಂದು ನೆವ ಹೇಳಿದ. ನನಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಮಗಳಿನ್ನೂ ಮೊಲೆ ಕುಡಿಯುತ್ತಿದ್ದಳು.

ಎದುರು ಮನೆಯವರನ್ನು ನಾನು ಫೋಟೋ ಮಾವ ಅನ್ನುತ್ತಿದ್ದೆ. ಅವರೂ ಅವರ ಅಣ್ಣನೂ ಚಿಕ್ಕಂದಿನಲ್ಲೇ ಬರ್ಮಾಕ್ಕೆ ಹೋಗಿದ್ದರಂತೆ. ಅಲ್ಲಿ ರಂಗೂನಿನಲ್ಲಿ ಸಿನಿಮಾ ತೆಗೆಯುವವರ ಹತ್ತಿರ ಮಾವನಿಗೆ ಕೆಲಸ. ಜಪಾನಿನವರು ಬಾಂಬು ಹಾಕಿದಾಗ ಸಾವಿರಾರು ಮಂದಿ ಕಾಡು ಬೆಟ್ಟ ನಡೆದು ಈ ಕಡೆ ಬಂದರಲ್ಲ, ಅವರಲ್ಲಿ ಇವರೂ ಇದ್ದರು. ಹೋಗುವಾಗ ಇಬ್ಬರು. ಬರುವಾಗ ಒಬ್ಬರು, ಜೊತೆಗೆ ಒಂದು ಕ್ಯಾಮೆರಾ. ಅಣ್ಣನಿಗೆ ದಾರಿಯಲ್ಲಿ ಜ್ವರ ಬಂತು, ಎರಡು ದಿನ ಹೊತ್ತರು, ಮೂರನೆಯ ದಿನ ಒಂದು ಮರದ ಕೆಳಗೆ ಮಲಗಿಸಿ ಬಂದರು. ನಮ್ಮ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ, "ಅಣ್ಣನ್ನ ಬಿಟ್ಟು ಡಬ್ಬಿ ಹೊತ್ಕೊಂಡು ಬಂದಾನ ನೋಡ್ರವ್ವಾ" ಅನ್ನುತ್ತಿದ್ದಳು. ಅವರು ಕೇಳಿಸಿಕೊಂಡೂ ಕ್ಯಾಮೆರಾ ಒರೆಸುತ್ತ ಕೂತಿರುತ್ತಿದ್ದರು.

ಆ ದಾರಿಯ ಮಾತು ಅವರು ಆಡಿದ್ದು ಕಮ್ಮಿ. ಒಂದು ದಿನ ನಮ್ಮ ಜಗಲಿ ಮೇಲೆ ಕೂತಾಗ ಆಡಿದರು. "ದಾರಿ ಉದ್ದಕ್ಕೂ ಹೆಣ ರೀ. ಮರಕ್ಕ ಒರಗಿ ಕೂತಾವು. ಮಾತಾಡಿಸಿದ್ರ ಎದ್ದು ಬರ್ತಾವೇನೋ ಅನ್ನಂಗ ಕೂತಾವು" ಅಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಇಲ್ಲಿ ಮಂದಿ ಯುದ್ಧ ಅಂದ್ರ ಬ್ಯಾಂಡು, ಬೂಟು ಅನ್ಕೊಂಡಾರ. ನಾ ಕಂಡಿದ್ದು ನಾ ತೋರಿಸ್ತೀನಿ. ಒಂದು ಸಿನಿಮಾ ಮಾಡ್ತೀನಿ" ಅಂದರು.

ಇಷ್ಟು ಒಳ್ಳೆಯದು. ಈ ಮಾತನ್ನು ಅವರು ಆಡಿದ್ದು ನಿಜ, ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಅದೇ ಇದ್ದದ್ದೂ ನಿಜ. ಅದಕ್ಕೇ ನನಗೆ ಇಷ್ಟು ಸಿಟ್ಟು. ಗೊತ್ತಿಲ್ಲದವನು ಮಾಡಿದ್ದರೆ ಬೈದು ಮರೆಯುತ್ತಿದ್ದೆ.

ತಮ್ಮ ಪಾಲಿನ ಹೊಲ ಮಾರಿ ಕೆಲಸ ಶುರು ಮಾಡಿದರು. ಆ ದುಡ್ಡು ರೀಲಿಗೇ ಮುಗಿಯಿತು. ಉಳಿದದ್ದೆಲ್ಲ ಬೀದಿಯವರ ಮನೆಯಿಂದ ಬಂತು. ಬಡಗಿ ಹಳೆ ಮಗ್ಗದ ಮರ ಕೊರೆದು ಬಂದೂಕು ಮಾಡಿಕೊಟ್ಟ, ಅದರ ತುದಿಗೆ ಮುರಿದ ಕೊಡೆಯ ಕಡ್ಡಿ. ಹೊಗೆ ಬೇಕಾದರೆ ಶೇಂಗಾ ಹೊಟ್ಟು ಒದ್ದೆ ಮಾಡಿ ಸುಡುವುದು. ಬರ್ಮಾ ಅಂದರೆ ಕಾಡು, ನಮ್ಮ ಕೋಟೆ ಬೆಟ್ಟದಲ್ಲಿ ಇರುವುದು ಬಂಡೆ ಮತ್ತು ಪಾಪಾಸುಕಳ್ಳಿ. ಬೇವಿನ ಕೊಂಬೆ ಕಡಿದು ತಂದು ಬಂಡೆಗಳ ಸಂದಿಯಲ್ಲಿ ನೆಟ್ಟರು. ಮಧ್ಯಾಹ್ನದೊಳಗೆ ಕಾಡು ಬಾಡಿ ತಲೆ ಬಗ್ಗಿಸುತ್ತಿತ್ತು. "ಮಾವಾ, ನಿನ್ನ ಬರ್ಮಾಕ್ಕ ನೀರು ಹಾಕ್ಲೇನು?" ಅಂತ ನನ್ನ ಗಂಡ ಕೂಗುತ್ತಿದ್ದ.

ಬಯಲಾಟ ಆಡುವ ಹದಿನಾಲ್ಕು ಜನ ಗಂಡಸರು ಸಿಪಾಯಿಗಳಾದರು. ಬೆಳಿಗ್ಗೆ ಎಡಗಡೆಯಿಂದ ಓಡಿ ಬಂದರೆ ನಮ್ಮವರು. ಊಟ ಆದ ಮೇಲೆ ಟೊಪ್ಪಿಗೆ ಬದಲಾಯಿಸಿ ಬಲಗಡೆಯಿಂದ ಓಡಿ ಬಂದರೆ ಜಪಾನಿನವರು. ನನ್ನ ಗಂಡ ಎಲ್ಲರಿಗಿಂತ ಮುಂದೆ. ಮಾವ ಕ್ಯಾಮೆರಾದ ಹಿಡಿ ತಿರುಗಿಸುವಾಗ ಬೀಸುಕಲ್ಲಿನ ಪದ ಗುನುಗುತ್ತಿದ್ದರು, ಕೈಯ ಓಟ ತಪ್ಪಬಾರದು ಅಂತ. ಗಂಡಸಿನ ಬಾಯಲ್ಲಿ ಬೀಸುವ ಪದ ಕೇಳಿ ನಾವು ನಗುತ್ತಿದ್ದೆವು.

ತೊಂದರೆ ಬಂದದ್ದು ಹೆಣ ಬೀಳುವುದರಲ್ಲಿ. ನಮ್ಮ ಕಡೆ ಬಯಲಾಟದಲ್ಲಿ ಸತ್ತವನು ನೆಲದ ಮೇಲೆ ಮಲಗುವುದಿಲ್ಲ. ಎರಡು ಸಲ ಗಿರಕಿ ಹೊಡೆದು ಪರದೆಯ ಹಿಂದೆ ಹೋಗುತ್ತಾನೆ, ಅಷ್ಟೇ. ಇವರೋ ಮಲಗಿರಿ ಅಂದರು, ಕಣ್ಣು ಬಿಟ್ಟುಕೊಂಡು ಮಲಗಿರಿ ಅಂದರು. ಮೊದಲ ದಿನ ಒಬ್ಬ ಹೇಗೋ ಒಪ್ಪಿ ಬಿದ್ದ. ಬೆಟ್ಟದ ಮೇಲೆ ಆಡು ಕಾಯುವವರು ಯಾರೋ ಕಂಡು, ಕೆಳಗೆ ಊರಿಗೆ ಸುದ್ದಿ ಮುಟ್ಟಿಸಿದರು. ಅವನ ತಾಯಿ ಎದೆ ಬಡಿದುಕೊಂಡು ಬೆಟ್ಟ ಹತ್ತಿದಳು. ಮಗ ಎದ್ದು ಕೂತದ್ದು ಕಂಡು ಸಮಾಧಾನ ಆಗಬೇಕಲ್ಲ, ಆಗಲಿಲ್ಲ. ಸತ್ತ ಸುದ್ದಿ ಒಮ್ಮೆ ಮನೆ ಮುಟ್ಟಿತು ಅಂದಮೇಲೆ ಅವನು ಹಾಗೇ ಮನೆಗೆ ಬರುವ ಹಾಗಿಲ್ಲ. ಕೆರೆಯಲ್ಲಿ ಮುಳುಗಿಸಿ, ಒನಕೆ ದಾಟಿಸಿ, ಹಿತ್ತಿಲ ಬಾಗಿಲಿಂದ ಒಳಗೆ ಕರೆದುಕೊಂಡು, ತೊಟ್ಟಿಲು ತೂಗಿ ಮತ್ತೆ ಹೆಸರಿಡಬೇಕು. ಮೀಸೆ ಹೊತ್ತ ಗಂಡಸಿನ ಕಿವಿಯಲ್ಲಿ ಅವನ ಸೋದರತ್ತೆ ಕುರ್ರ್ ಅಂತ ಹೆಸರು ಕೂಗಿದಳು. ಊರೆಲ್ಲ ನಕ್ಕಿತು. ಮರುದಿನದಿಂದ ಯಾವ ಗಂಡಸೂ ಸಾಯಲು ಒಪ್ಪಲಿಲ್ಲ.

ಆಗ ಮಾವ ಹೆಂಗಸರನ್ನು ಕೇಳಿದರು. ಶೇಂಗಾ ಸುಲಿಯುವ ಶೆಡ್ಡಿನಲ್ಲಿ ಒಂಬತ್ತು ಜನ ಇದ್ದೆವು. ಹೆಂಗಸು ಸಿಪಾಯಿ ವೇಷದಲ್ಲಿ ಸತ್ತರೆ ಸತ್ತದ್ದು ಯಾರು? ಯಾರೂ ಅಲ್ಲ. ಮನೆಗೆ ಯಾವ ಸುದ್ದಿ ಮುಟ್ಟುತ್ತದೆ? ಯಾವುದೂ ಇಲ್ಲ. ಹಾಗಂತ ಅವರೇ ಲೆಕ್ಕ ಹಾಕಿ ಹೇಳಿದರು, ಊರ ಹಿರಿಯರೂ ತಲೆ ಆಡಿಸಿದರು. ನಮ್ಮ ಶೆಡ್ಡಿನ ದೊಡ್ಡಕ್ಕ, ಬಾಯಿ ಜೋರಿನ ಹೆಂಗಸು, "ಬದುಕಿದ್ದಾಗಲೂ ನಮ್ಮನ್ನ ಯಾರು ಎಣಿಸ್ಯಾರ, ಸತ್ತು ಬಿಡೋಣ ಬರ್ರೇ" ಅಂದಳು. ಖಾಕಿ ತೊಟ್ಟೆವು. ಮುಡಿ ಬಿಗಿದು ರುಮಾಲು ಸುತ್ತಿದೆವು. ಮೀಸೆಗೆ ಮೇಕೆ ಕೂದಲು. ರಕ್ತಕ್ಕೆ ಬೆಲ್ಲದ ಪಾಕ, ಕಪ್ಪು ಬಿಳುಪಿನಲ್ಲಿ ಅದೇ ಸರಿ ಕಾಣುತ್ತದೆ ಅಂದರು. ರೇಷನ್ನಿನ ಕಾಲ, ಮಕ್ಕಳಿಗೆ ಬೆಲ್ಲ ಇಲ್ಲ, ನಮ್ಮ ಬೆನ್ನಿಗೆ ಬೆಲ್ಲ. ಇರುವೆ ಬಂದು ಕಚ್ಚುತ್ತಿದ್ದವು. ಅಲ್ಲಾಡಬಾರದು. ಕಾದ ಬಂಡೆ ಮೇಲೆ ಕೆನ್ನೆ ಊರಿ, ಮಗು ಅಳುವುದು ಕೇಳಿಸಿದರೂ ಮಿಸುಕದೆ ಮಲಗುತ್ತಿದ್ದೆ. ಮೊಲೆ ಹಾಲು ಸೋರಿ ಖಾಕಿ ಒದ್ದೆಯಾಗುತ್ತಿತ್ತು. ಒಂಬತ್ತು ಜನವೇ ಜಾಗ ಬದಲಾಯಿಸಿ ನೂರಾರು ಹೆಣ ಆದೆವು. ನಾನೊಬ್ಬಳೇ ನಲವತ್ತು ಸಲ ಸತ್ತಿರಬೇಕು. ಅಷ್ಟಕ್ಕೂ ಒಂದು ಸಮಾಧಾನ ಇತ್ತು. ಮಾವ ನಮ್ಮ ಹತ್ತಿರ ಬಂದು ಕೈ ಕಾಲು ಸರಿ ಮಾಡುತ್ತ, "ಹಿಂಗ ಇತ್ತು ರೀ, ಥೇಟ್ ಹಿಂಗ" ಅನ್ನುತ್ತಿದ್ದರು. ನಾವು ಏನೋ ನಿಜವಾದ ಕೆಲಸ ಮಾಡುತ್ತಿದ್ದೇವೆ ಅನ್ನಿಸುತ್ತಿತ್ತು.

ಇನ್ನೇನು ಅರ್ಧ ದಾಟಿತು ಅನ್ನುವಾಗ ರೀಲು ಮುಗಿಯಿತು. ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಯುದ್ಧದ ಕಾಲಕ್ಕೆ ಅಕ್ಕಿ, ಸೀಮೆಎಣ್ಣೆ ಹೇಗೋ ಹಾಗೆ ರೀಲಿಗೂ ಪರ್ಮಿಟ್ಟು. ಒಂದು ತಿಂಗಳು ಕ್ಯಾಮೆರಾಕ್ಕೆ ಬಟ್ಟೆ ಸುತ್ತಿ ಕೂತರು. ಆಮೇಲೆ ಬಳ್ಳಾರಿಗೆ ಹೋದರು. ಬರುವಾಗ ಎರಡು ಡಬ್ಬಿ ರೀಲು ತಂದರು, ಜೊತೆಯಲ್ಲಿ ಒಬ್ಬ ಭರ್ತಿ ಜಮೇದಾರ ಬಂದ. ಊರೂರಿಗೆ ಹೋಗಿ ಗಂಡಸರನ್ನು ಪಟಾಲಮ್ಮಿಗೆ, ಅಂದರೆ ಸರ್ಕಾರದ ದಂಡಿಗೆ, ಸೇರಿಸುವುದು ಅವನ ಕೆಲಸ. ಬಾಯಿ ತುಂಬ ನಗು, ಜೇಬಿನ ತುಂಬ ಪೆಪ್ಪರಮೆಂಟು. ನನ್ನ ಗಂಡ ಬೆಟ್ಟದಲ್ಲಿ ಓಡುವುದನ್ನು ನೋಡಿ, "ವಾಹ್, ಏನ್ ಆಳಪ್ಪಾ!" ಅಂದ. ನಾನು ಆಗಲೂ ಏನೂ ಅಂದುಕೊಳ್ಳಲಿಲ್ಲ. ಗಂಡನನ್ನು ಹೊಗಳಿದರೆ ಯಾವ ಹೆಂಡತಿಗೆ ಬೇಸರ?

ಉಳಿದದ್ದನ್ನು ಬೇಗ ಬೇಗ ತೆಗೆದರು. ಆ ದಿನಗಳಲ್ಲಿ ನಮ್ಮನ್ನು ಕರೆಯಲಿಲ್ಲ. ಹೆಣ ಸಾಕಷ್ಟು ಆಗಿವೆ ಅಂದುಕೊಂಡೆವು. ಅವರ ನಡುಮನೆಯಲ್ಲಿ ರೀಲು ತೊಳೆಯುವ ಕೆಲಸ ಮಾತ್ರ ನಮಗಿತ್ತು. ನೇಕಾರರು ನೂಲು ಸುತ್ತುವ ಚೌಕಟ್ಟಿಗೆ ರೀಲು ಸುತ್ತಿ ಹಂಡೆಯಲ್ಲಿ ಅದ್ದುವರು. ನಮ್ಮೂರ ಬಾವಿಯ ಗಡಸು ನೀರಿಗೆ ಅದು ಬಿಳಿ ಚುಕ್ಕೆ ಹಿಡಿಯುತ್ತಿತ್ತು, ಹಗರಿ ಹೊಳೆಯ ನೀರು ಗಾಡಿಯಲ್ಲಿ ತರಿಸಿ ನಾವು ಹೊತ್ತು ಹಾಕಿದೆವು. ಒಳಗೆ ಅವರು ಕತ್ತರಿ ಹಿಡಿದು ಕೂತಿರುತ್ತಿದ್ದರು. ಏನು ಕತ್ತರಿಸುತ್ತಾರೆ ಅಂತ ನಾವು ಕೇಳಲಿಲ್ಲ. ಕೇಳಿದ್ದರೂ ತಿಳಿಯುತ್ತಿರಲಿಲ್ಲ.

ಸಿನಿಮಾ ತೋರಿಸಿದ್ದು ಸಂತೆಯ ದಿನ, ದೀಪ ಹಚ್ಚುವ ಹೊತ್ತಿಗೆ. ಜಮೇದಾರನ ವ್ಯಾನು ಬಂತು, ಸಂತೆ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿದರು. ಬೆಳುಗುಪ್ಪದಿಂದೆಲ್ಲ ಗಾಡಿ ಕಟ್ಟಿಕೊಂಡು ಬಂದಿದ್ದರು. ನಾವು ಒಂಬತ್ತು ಜನ ತಲೆಗೆ ಹೂ ಮುಡಿದು ಮುಂದೆ ಕೂತಿದ್ದೆವು, ನಮ್ಮ ನಮ್ಮ ಹೆಣ ನೋಡಲಿಕ್ಕೆ. ಬೆಳಕು ಬಿತ್ತು. ನಮ್ಮ ಬೆಟ್ಟ ಬಂತು, ಬೇವಿನ ಕಾಡು ಬಂತು, ನನ್ನ ಗಂಡ ಬಂದ. ಅಷ್ಟೆತ್ತರ! ಬಂದೂಕು ಹಿಡಿದು ಓಡಿದ, ಹೊಗೆಯಲ್ಲಿ ಹೊಕ್ಕು ಆಚೆ ಬಂದ. ಜಪಾನಿನವರು ತಿರುಗಿ ಓಡಿದರು. ಧ್ವಜ ಏರಿತು. ಹದಿನಾಲ್ಕು ಜನರೂ ಸಾಲಾಗಿ ಕೂತು ಹೊಟ್ಟೆ ತುಂಬ ಊಟ ಮಾಡಿದರು. ನಕ್ಕರು. ವ್ಯಾನಿನ ಮೈಕಿನ ಕೊಂಬಿನಲ್ಲಿ ಯಾರೋ, ಪಟಾಲಮ್ಮಿಗೆ ಸೇರಿದರೆ ಊಟ ಬಟ್ಟೆ ಸಂಬಳ ಅಂತ ಕೂಗಿದರು. ಮುಗಿಯಿತು.

ಒಂದು ಹೆಣವೂ ಇರಲಿಲ್ಲ. ಯುದ್ಧ ಪೂರ್ತಿ ನಡೆಯಿತು, ಒಬ್ಬನೂ ಸಾಯಲಿಲ್ಲ.

ದೊಡ್ಡಕ್ಕ ಹೂ ಕಿತ್ತು ಎಸೆದು, "ಇರುವಿ ಕಡಿಸ್ಕೊಂಡಿದ್ದೂ ಸುಳ್ಳೇನು ಹಂಗಾರ?" ಅಂದಳು. ನಾನು ಗಂಡನ ಮುಖ ನೋಡಿದೆ. ಬೆಳಕು ಆರಿದರೂ ಅವನು ಆ ಬಟ್ಟೆಯನ್ನೇ ನೋಡುತ್ತಿದ್ದ.

ಈಗಿನವರಿಗೆ ಇದು ಹೇಳಿದರೆ ನಂಬುವುದಿಲ್ಲ. ಬಂದೂಕು ಮಗ್ಗದ ಮರ ಅಂತ ಅವನಿಗೆ ಗೊತ್ತು. ಕಾಡು ಬೇವಿನ ಕೊಂಬೆ ಅಂತ ಗೊತ್ತು. ಜಪಾನಿನವನೂ ತಾನೇ ಅಂತ ಗೊತ್ತು. ಎಲ್ಲ ಗೊತ್ತಿದ್ದೂ, ಸರ್ಕಾರದ ವ್ಯಾನಿನಲ್ಲಿ ಬಂದು, ಅಷ್ಟು ದೊಡ್ಡದಾಗಿ, ಅಷ್ಟು ಜನರ ಮುಂದೆ ಬಿದ್ದದ್ದನ್ನು ನಂಬಿದ. ಅವನೊಬ್ಬನೇ ಅಲ್ಲ. ಆ ಹದಿನಾಲ್ಕರಲ್ಲಿ ಒಂಬತ್ತು ಜನ ನಂಬಿದರು. ಮನೆಗೆ ಬಂದು ರೊಟ್ಟಿ ಮುರಿಯುತ್ತ, "ನೋಡಿದ್ಯಾ, ನನಗ ಏನೂ ಆಗಲಿಲ್ಲ" ಅಂದ. ಎರಡು ಸಲ ಅಂದ.

ಮರುದಿನ ಬೆಳಿಗ್ಗೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಎದುರು ಮನೆಗೆ ಹೋದೆ. ಅವರು ಹಲ್ಲು ಉಜ್ಜುತ್ತ ಹಿತ್ತಲಲ್ಲಿ ಕೂತಿದ್ದರು.

"ಮಾವ, ನಮ್ಮ ಹೆಣ ಎಲ್ಲಿ?" ಅಂದೆ.

ತಲೆ ಎತ್ತಲಿಲ್ಲ. "ಅವು ಇದ್ರ ಸಿನಿಮಾ ಹೊರಗ ಬರ್ತಿರಲಿಲ್ಲವ್ವಾ. ಎರಡು ಡಬ್ಬಿ ರೀಲು ಕೊಟ್ಟಿದ್ದೇ ಆ ಕರಾರಿಗೆ. ಅವ್ರು ಕೊಡದಿದ್ರ ಇಷ್ಟು ದಿನ ಮಾಡಿದ್ದೆಲ್ಲ ಮಣ್ಣು" ಅಂದರು.

"ಯಾರಿಗೆ ಮಣ್ಣು? ನೀನು ಕಂಡಿದ್ದು ತೋರಿಸ್ತೀನಿ ಅಂದಿದ್ದೆ. ಕಂಡಿದ್ದು ಇದಾ? ಅಲ್ಲಿ ಎಲ್ರೂ ಊಟ ಮಾಡ್ಕಂಡು ನಗ್ತಾ ಕೂತಿದ್ರಾ?"

"ಯುದ್ಧ ಮುಗೀಲಿ. ಆಗ ಎಲ್ಲಾ ಸೇರಿಸಿ ತೋರಿಸ್ತೀನಿ. ತುಂಡು ಎಲ್ಲಾ ಇಟ್ಟೀನಿ."

"ಯುದ್ಧ ಮುಗಿದ ಮೇಲೆ ಯಾರಿಗೆ ಬೇಕು? ಬರೋ ಸಂತೆಗೆ ತೋರ್ಸು. ಬ್ಯಾಡ, ನನ್ನ ಗಂಡ ಒಬ್ಬನಿಗೆ ತೋರ್ಸು. ಬಾಯಲ್ಲಿ ಆದ್ರೂ ಹೇಳು. ನಿಮ್ಮಣ್ಣನ ಕತೆ ಹೇಳು. ನೀನು ಹೇಳಿದ್ರೆ ಕೇಳ್ತಾನೆ."

ಅವರು ಬಾಯಿ ಮುಕ್ಕಳಿಸಿ ಉಗುಳಿದರು. "ಜಮೇದಾರ ಇನ್ನೊಂದು ಸಿನಿಮಾಕ್ಕ ರೀಲು ಕೊಡ್ತೀನಿ ಅಂದಾನ" ಅಂದರು.

ಅದಕ್ಕೆ ನಾನು ಏನು ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ಅವರ ಅಣ್ಣನ ಹೆಸರು ಎತ್ತಿ ಅಂದೆ, ಬೀದಿಯವರೆಲ್ಲ ಬಾಗಿಲಿಗೆ ಬಂದರು. ಅಂದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ನನ್ನ ಗಂಡ ಕುದುರೆ ಮಾರಿದ ದಿನವೇ ನನಗೆ ಗೊತ್ತಾಯಿತು, ಇನ್ನು ನಿಲ್ಲುವುದಿಲ್ಲ, ಪಟಾಲಮ್ಮಿಗೆ ಸೇರುತ್ತಾನೆ ಅಂತ. ನಾನು ಅತ್ತು ಕರೆದೆ, ಜಗಳ ಆಡಿದೆ, ಬಾಗಿಲಿಗೆ ಅಡ್ಡ ಮಲಗಿದೆ. ನಮ್ಮತ್ತೆ, ನನ್ನನ್ನು ಎಂದೂ ಒಳ್ಳೆಯ ಕಣ್ಣಿನಿಂದ ನೋಡದವಳು, ಅವತ್ತು ನನ್ನ ಪಕ್ಕದಲ್ಲೇ ಅಡ್ಡ ಮಲಗಿದಳು. ಅವನು ಇಬ್ಬರನ್ನೂ ದಾಟಿಕೊಂಡು ಹೋದ. "ಹುಚ್ಚೀರು ನೀವು. ಆರು ತಿಂಗಳಿಗೆ ಬರ್ತೀನಿ, ಎರಡು ಕುದುರಿ ಜಟಕಾ ತಗೋತೀನಿ" ಅಂದ. ಫೋಟೋ ಮಾವ ಸ್ಟೇಷನ್ನಿನ ತನಕ ಹೋಗಿ ಪಟಾಲಮ್ಮಿಗೆ ಹೊರಟ ಒಂಬತ್ತು ಗಂಡಸರಿಗೂ ಹಾರ ಹಾಕಿ ಬಂದರಂತೆ.

ಆ ಸಿನಿಮಾ ನಮ್ಮಲ್ಲಿಗೇ ನಿಲ್ಲಲಿಲ್ಲ. ವ್ಯಾನು ಊರೂರು ತಿರುಗಿತು. ಮಡಕಶಿರದ ಸಂತೆಯಲ್ಲೂ ತೋರಿಸಿದರಂತೆ. ನಮ್ಮಣ್ಣ ಅದನ್ನು ನೋಡಿ ಬಂದು ಹೆಮ್ಮೆಯಿಂದ ಹೇಳಿದ. "ಭಾವ ಓಡ್ತಿದ್ರೆ ಜನ ಎಲ್ಲಾ ಸೀಟಿ ಹೊಡೆದ್ರು ಕಣಮ್ಮಿ. ನಮ್ಮೂರಲ್ಲೂ ನಾಕು ಜನ ಹೆಸರು ಕೊಟ್ಟವ್ರೆ" ಅಂದ. ಆ ನಾಲ್ಕು ಜನರ ತಾಯಂದಿರು ನನಗೆ ಗೊತ್ತು. ಆಮೇಲೆ ನಾನು ತವರಿಗೆ ಹೋದಾಗ ಅವರ ಮನೆ ಮುಂದೆ ಹಾಯುತ್ತಿರಲಿಲ್ಲ, ಹೊಲದ ಮೇಲೆ ಬಳಸಿಕೊಂಡು ಹೋಗುತ್ತಿದ್ದೆ.

ಎರಡು ಕಾಗದ ಬಂದವು. ಒಂದರಲ್ಲಿ ಬೂಟು ಕಚ್ಚುತ್ತದೆ ಅಂತ ಇತ್ತು. ಇನ್ನೊಂದರಲ್ಲಿ ಇಲ್ಲಿ ನಿಜವಾಗಿ ಮರಗಳಿವೆ ಅಂತ ಮಾವನಿಗೆ ಹೇಳು ಅಂತ ಇತ್ತು. ನಾನು ಹೇಳಲಿಲ್ಲ. ಮೂರನೆಯದು ಸರ್ಕಾರದ್ದು. ಶಾಲೆ ಮೇಷ್ಟ್ರು ಓದಿದರು. ಕಾಣೆಯಾಗಿದ್ದಾನೆ ಅಂತ ಇತ್ತು. ಸತ್ತ ಅಂತ ಇರಲಿಲ್ಲ. ಬದುಕಿದ್ದಾನೆ ಅಂತಲೂ ಇರಲಿಲ್ಲ. ಕಾಣೆಯಾದ ಗಂಡನ ಹೆಂಡತಿ ಬಳೆ ಇಡಬೇಕೋ ತೆಗೆಯಬೇಕೋ, ಆ ಕಾಗದದಲ್ಲಿ ಅದನ್ನು ಯಾರೂ ಬರೆದಿರಲಿಲ್ಲ. ಅತ್ತೆ ತೆಗೆಯಬೇಡ ಅಂದಳು. ಅವಳು ಸಾಯುವ ತನಕ ತೆಗೆಯಲಿಲ್ಲ. ಆಮೇಲೆ ಒಂದೊಂದಾಗಿ ತಾವೇ ಒಡೆದವು, ಹೊಸವು ಹಾಕಿಕೊಳ್ಳಲಿಲ್ಲ... ಹೋದ ಒಂಬತ್ತು ಜನರಲ್ಲಿ ತಿರುಗಿ ಬಂದವರು ಮೂವರು. ಅವರಲ್ಲಿ ಒಬ್ಬನ ಎಡಗೈ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾವ ನಮ್ಮ ಮನೆಗೆ ಬಂದರು. ಮೂರು ವರ್ಷದಲ್ಲಿ ಹೊಸ್ತಿಲು ತುಳಿದದ್ದು ಅದೇ ಮೊದಲು. ಇಳಿದು ಹೋಗಿದ್ದರು, ಅಂಗಿಯ ತೋಳು ಹರಿದಿತ್ತು. ಜಮೇದಾರ ಇನ್ನೊಂದು ಸಿನಿಮಾಕ್ಕೆ ರೀಲು ಕೊಡಲೇ ಇಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. ಮಾಡಿದ ಸಿನಿಮಾವನ್ನೂ ವ್ಯಾನಿನ ಜೊತೆ ತೆಗೆದುಕೊಂಡು ಹೋದವರು ವಾಪಸು ಕೊಡಲಿಲ್ಲ. ಅವರ ಕೈಯಲ್ಲಿ ಒಂದು ಡಬ್ಬಿ ಇತ್ತು.

"ನಿಮ್ಮ ತುಂಡುಗಳವ್ವಾ. ಎಲ್ಲಾ ಇದರಾಗ ಅದಾವು. ನೀ ಇಟ್ಕೋ" ಅಂದರು.

ನಾನು ಡಬ್ಬಿಯನ್ನು ಬೀದಿಗೆ ಎಸೆದೆ. ಮುಚ್ಚಳ ಬಿಚ್ಚಿ ರೀಲು ಹಾವಿನ ಮರಿಗಳ ಹಾಗೆ ಚೆಲ್ಲಿದವು. "ನನ್ನ ಹೆಣ ಕಟ್ಕಂಡು ಏನ್ ಮಾಡ್ಲಿ? ತೋರಿಸೋ ಹೊತ್ತಿಗೆ ತೋರಿಸ್ಲಿಲ್ಲ, ಈಗ ತಂದಿದ್ದೀಯ, ಹೋಗು" ಅಂದೆ. ಅವರು ಬಗ್ಗಿ ಒಂದೊಂದೇ ತುಂಡು ಹೆಕ್ಕಿ ಧೂಳು ಒರೆಸಿ ಡಬ್ಬಿಗೆ ಹಾಕಿಕೊಂಡರು. ಬಹಳ ಹೊತ್ತು ಹೆಕ್ಕಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸಹಾಯ ಮಾಡಲಿಲ್ಲ.

ವರ್ಷ ಕಳೆದ ಮೇಲೆ ದೊಡ್ಡಕ್ಕ ಹೇಳಿದಳು. ಅವರ ಮನೆಗೆ ಯಾವುದೋ ಕೆಲಸಕ್ಕೆ ಹೋದಾಗ ಅವರು ಒಂದು ತುಂಡನ್ನು ಬಿಸಿಲಿಗೆ ಹಿಡಿದು ತೋರಿಸಿದರಂತೆ. "ನಿನ್ನ ಗಂಡ ಅದಾನಲೇ ಅದರಾಗ. ನೀ ಬಿದ್ದಿ. ಅವ ನಿನ್ನ ಮ್ಯಾಲಿಂದ ಜಿಗಿದು, ನಿಂತು, ತಿರುಗಿ ನೋಡಿ ನಕ್ಕಾನ. ಹಲ್ಲು ಸೈತ ಕಾಣ್ತಾವ" ಅಂದಳು.

ಅದು ಯಾವ ದಿನದ್ದು ಅಂತ ಕೂಡಲೇ ಹೊಳೆಯಿತು. ಇರುವೆ ಕಚ್ಚಿ ಪ್ರಾಣ ಹೋಗುತ್ತಿತ್ತು. ಅವನು ನನ್ನನ್ನು ಜಿಗಿದು ದಾಟುವವನು ಪಿಸುಮಾತಿನಲ್ಲಿ, "ಸತ್ತಿಯೇನೇ ನನ್ನ ರಾಣಿ, ಸಂಜಿಗೆ ಅನ್ನಕ್ಕ ಯಾರು ಇಡ್ತಾರ?" ಅಂದ. ಹೆಣ ನಕ್ಕುಬಿಟ್ಟಿತು. ಅವನೂ ನಿಂತು ನಕ್ಕ. ರೀಲು ಹಾಳಾಯಿತು ಅಂತ ಮಾವ ಕೂಗಾಡಿದರು... ಕತ್ತರಿಸದೇ ಇದ್ದರೂ ಆ ತುಂಡು ಸಿನಿಮಾಕ್ಕೆ ಬರುತ್ತಿರಲಿಲ್ಲ. ಆದರೆ ಅವನ ಮುಖ ಕಾಣುವ ತುಂಡು ಲೋಕದಲ್ಲಿ ಅದೊಂದೇ ಉಳಿದಿತ್ತು.

ಮಾನ ಬಿಟ್ಟು ಎದುರು ಮನೆಗೆ ಓಡಿದೆ. ಅವರು ತಡ ಮಾಡಿ ಬಾಗಿಲು ತೆಗೆದರು. ಡಬ್ಬಿ ಇಲ್ಲ ಅಂದರು. ಹಿಂದಿನ ವಾರ ಬಳ್ಳಾರಿಯಿಂದ ಬಂದ ಬಳೆಯವನು ಹಳೆ ರೀಲು ತೂಕಕ್ಕೆ ಕೊಂಡನಂತೆ, ಕರಗಿಸಿ ಬಳೆ, ಬಾಚಣಿಗೆ ಮಾಡುತ್ತಾರಂತೆ. ಮನೆಯಲ್ಲಿ ಜೋಳ ಇರಲಿಲ್ಲ, ಕೊಟ್ಟೆ ಅಂದರು. ನಾನು ಬೈಯಲಿಲ್ಲ. ಅವರೂ ಅತ್ತರು. ಅವರ ಅಳುವಿನಿಂದ ನನಗೇನಾಗಬೇಕಿತ್ತು? ಮೊದಲು ಎಸೆದವಳು ನಾನು. ಅದನ್ನೂ ಬರೆಯುತ್ತೇನೆ, ಅವರದ್ದು ಮಾತ್ರ ಬರೆದರೆ ಸುಳ್ಳಾಗುತ್ತದೆ.

ಆಮೇಲೆ ಹೆಚ್ಚು ದಿನ ಅವರು ಈ ಊರಲ್ಲಿ ಇರಲಿಲ್ಲ. ಗುಂತಕಲ್ಲೋ, ಆದವಾನಿಯೋ, ಯಾವುದೋ ಊರಲ್ಲಿ ಮದುವೆ ಫೋಟೋ ತೆಗೆಯುತ್ತ ತೀರಿಕೊಂಡರಂತೆ. ಕೆಟ್ಟ ಮನುಷ್ಯ ಅಲ್ಲ. ಹಣದ ಆಸೆಯೂ ಇರಲಿಲ್ಲ. ಸಿನಿಮಾ ಆಗಬೇಕು ಅನ್ನುವುದೊಂದೇ ಆಸೆ. ಆ ಆಸೆಗೆ ಅವರು ತಾವು ಕಂಡದ್ದನ್ನೇ ಕತ್ತರಿಸಿ ಕೊಟ್ಟರು, ಕತ್ತರಿಸಿದ ಜಾಗಕ್ಕೆ ನನ್ನ ಗಂಡ ಹೋಗಿ ಬಿದ್ದ. ಬೇಕಾದರೆ ಫೋಟೋ ಹಾಕಿ, ಹಾರ ಹಾಕಿ. ನಾನು ಬಂದು ಕೂರುವುದಿಲ್ಲ.

ಮಗಳಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ನನಗಿಂತ ಅವಳೇ ಮುದುಕಿಯ ಹಾಗೆ ಕಾಣುತ್ತಾಳೆ. ಅವಳು ಅಪ್ಪನನ್ನು ಕಂಡಿಲ್ಲ. ಅಂದರೆ ಕಂಡಿದ್ದಾಳೆ, ನೆನಪಿಲ್ಲ. ಮೊನ್ನೆ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ, "ಯವ್ವಾ, ಅಪ್ಪ ಹೆಂಗಿದ್ದ? ನಮ್ಮ ಹುಡುಗರಾಗ ಯಾರಿಗಾರ ಅವನ ಹೋಲಿಕೆ ಐತೇನು?" ಅಂದಳು. ಎತ್ತರ ಇದ್ದ ಅಂದೆ. ಓಡುತ್ತಿದ್ದ ಅಂದೆ. "ಮಾರಿ?" ಅಂದಳು.

ಕಣ್ಣು ಮುಚ್ಚಿ ನೋಡಿದೆ. ಬೆಟ್ಟ ಬಂತು, ಬೇವಿನ ಕಾಡು ಬಂತು, ಓಡುವ ಕಾಲು ಬಂತು, ಮುಖ ಬರಲಿಲ್ಲ...

"ಅದೊಂದು ಕೇಳಬೇಡ" ಅಂದೆ.